ಮ್ಯಾನ್‌ಹೋಲಿಗೆ ಇಳಿದ ಯಂತ್ರಗಳು

ಬೆಂಗಳೂರಿನ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ, ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟಿಗೆ ಬಂದು ತಂಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಏಳುವ ನೊರೆಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ನೊರೆಯ ಹಿಂದಿರುವ ಹೂಳನ್ನು, ಆ ಹೂಳು ಕಟ್ಟಿದ ಕೊಳವೆಗಳನ್ನು ಬಿಡಿಸುವವರ ಬಗ್ಗೆ ಬರೆಯುವವರು ಕಡಿಮೆ.

ಅಮೆರಿಕ, ಯುರೋಪುಗಳಲ್ಲಿ ಒಳಚರಂಡಿ ರೋಬೋಟು ಹುಟ್ಟಿದ್ದು ಕೊಳವೆಯ ಚಿಂತೆಯಿಂದ: ಎಲ್ಲಿ ಬಿರುಕು, ಎಲ್ಲಿ ಮರದ ಬೇರು ನುಗ್ಗಿದೆ ಎಂದು ನೋಡಲು. ಪಿಟ್ಸ್‌ಬರ್ಗಿನಲ್ಲಿ 1987ರಲ್ಲಿ ಆರಂಭವಾದ ರೆಡ್‌ಝೋನ್ ರೊಬೊಟಿಕ್ಸ್ ಮೊದಲು ಅಣು ಸ್ಥಾವರಗಳಂಥ ಅಪಾಯದ ಜಾಗಗಳಿಗೆ ಯಂತ್ರ ಕಟ್ಟಿ, ಆಮೇಲೆ ಕೊಳವೆಗಳತ್ತ ಹೊರಳಿತು. ನಮ್ಮಲ್ಲಿ ಚಿಂತೆ ಮನುಷ್ಯರದು. ಹಾಗಾಗಿ ಇಲ್ಲಿ ಯಂತ್ರಕ್ಕಿಂತ ಮೊದಲು ಬಂದದ್ದು ಹೋರಾಟ.

1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ ಕರ್ನಾಟಕ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿತು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಗೆ ಮಲ ಬಳಿದುಕೊಂಡು ಪ್ರತಿಭಟಿಸಬೇಕಾಯಿತು. ಕೃಷ್ಣಗಿರಿಯ ನೆರೆಯ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧದ ಸಫಾಯಿ ಕರ್ಮಚಾರಿ ಆಂದೋಲನವನ್ನು ದೇಶವ್ಯಾಪಿಯಾಗಿ ಬೆಳೆಸಿದರು. 2013ರ ಹೊಸ ಕಾನೂನು ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ ಅಪರಾಧವಾಗಿಸಿತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ರೂಪಾಯಿ ನಿಗದಿ ಮಾಡಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರಗಳಿಗೆ ಬೇಡಿಕೆ ಹುಟ್ಟಿಸಿದ್ದು ಈ ಒತ್ತಡವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೆಟ್ಟಿಂಗ್, ಸಕ್ಕಿಂಗ್ ಲಾರಿಗಳು ರೋಬೋಟುಗಳಿಗೂ ಮೊದಲೇ ಇದ್ದವು. ನೀರಿನ ರಭಸಕ್ಕೆ ಕಟ್ಟಿದ ಕೊಳವೆ ಬಿಡುತ್ತದೆ. ಆದರೆ ಮ್ಯಾನ್‌ಹೋಲಿನ ತಳದಲ್ಲಿ ಕಲ್ಲು, ಬಟ್ಟೆ, ಪ್ಲಾಸ್ಟಿಕ್, ಗಟ್ಟಿ ಹೂಳು ಉಳಿಯುತ್ತದೆ. ದೊಡ್ಡ ಲಾರಿ ಇಕ್ಕಟ್ಟಿನ ಓಣಿಗೆ ಬರುವುದೂ ಇಲ್ಲ. ಆಗ ಮತ್ತೆ ಮನುಷ್ಯನೇ ಇಳಿಯಬೇಕು. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕೆಡಿಸುತ್ತದೆ. ಒಬ್ಬನನ್ನು ಉಳಿಸಲು ಹೋದವರೂ ಸಾಯುವುದು ಹೀಗೆ. 2015ರಲ್ಲಿ ಕೋಳಿಕ್ಕೋಡಿನಲ್ಲಿ ಇಬ್ಬರು ಕಾರ್ಮಿಕರ ಜೊತೆಗೆ ನೆರವಿಗೆ ಧಾವಿಸಿದ ಆಟೋ ಚಾಲಕರೂ ಪ್ರಾಣ ಬಿಟ್ಟರು.

ಕೇರಳದ ಯುವ ಎಂಜಿನಿಯರುಗಳ ಜೆನ್‌ರೊಬೊಟಿಕ್ಸ್ ಸಂಸ್ಥೆ ಕಟ್ಟಿದ ‘ಬ್ಯಾಂಡಿಕೂಟ್’ 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಮೇಲೆ ನಿಯಂತ್ರಣ ಫಲಕ; ಕೆಳಗೆ ಇಳಿಯುವ ಭಾಗ ಕಾಲು ಚಾಚಿ ಗೋಡೆಗೆ ಆನಿಕೊಂಡು ನಿಲ್ಲುತ್ತದೆ, ಅದರ ತೋಳು ಹೂಳನ್ನು ಬಕೆಟ್ಟಿಗೆ ಎತ್ತುತ್ತದೆ. ತಮಿಳುನಾಡಿನಲ್ಲಿ ಕುಂಭಕೋಣ ಅದನ್ನು ಬೇಗನೆ ತರಿಸಿಕೊಂಡಿತು. ಹಿಂದೆ ಗುಂಡಿಗೆ ಇಳಿಯುತ್ತಿದ್ದವರಿಗೇ ತರಬೇತಿ ಕೊಟ್ಟು ಯಂತ್ರ ನಡೆಸಲು ಕೊಡುವುದು ನನಗೆ ತೋಳಿಗಿಂತ ದೊಡ್ಡ ಆವಿಷ್ಕಾರವಾಗಿ ಕಾಣುತ್ತದೆ.

ಆದರೆ ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಇರುವುದು ಸೆಪ್ಟಿಕ್ ಟ್ಯಾಂಕ್. ಅದಕ್ಕಾಗಿ ಮದ್ರಾಸ್ ಐಐಟಿಯಲ್ಲಿ ಪ್ರಭು ರಾಜಗೋಪಾಲ್ ಅವರ ತಂಡ ‘ಹೋಮೋಸೆಪ್’ ರೂಪಿಸಿತು. ಕಿರಿದಾದ ಬಾಯಿಯಿಂದ ಒಳಹೋದ ಅಲಗುಗಳು ತಲೆಕೆಳಗಾದ ಕೊಡೆಯಂತೆ ಬಿಚ್ಚಿ ಗಟ್ಟಿ ಕೆಸರನ್ನು ಕಡೆದು ತೆಳುವಾಗಿಸುತ್ತವೆ, ಹೀರುವ ಕೆಲಸ ಸಲೀಸಾಗುತ್ತದೆ. ಮೊದಲ ಯಂತ್ರಗಳು ಸೇರಿದ್ದು ಇದೇ ಕೆಲಸದಲ್ಲಿ ಗಂಡಂದಿರನ್ನು ಕಳೆದುಕೊಂಡ ಮಹಿಳೆಯರು ಮುನ್ನಡೆಸುವ ಸ್ವಸಹಾಯ ಸಂಘಗಳನ್ನು.

ನದಿ, ಕಾಲುವೆಗಳ ಹೂಳಿಗೆ ನೀರಿನಲ್ಲೂ ನೆಲದಲ್ಲೂ ಚಲಿಸುವ ಯಂತ್ರಗಳನ್ನು ಚೆನ್ನೈ ಪಾಲಿಕೆ ಬಳಸುತ್ತಿದೆ. ಕೆಲವರಪಳ್ಳಿಯಲ್ಲಿ ಅಂಥದನ್ನು ಇಳಿಸುವ ಮೊದಲು ಮೇಲಿನ ಬೆಂಗಳೂರು ತನ್ನ ಕೊಳಚೆಯನ್ನು ಪೂರ್ತಿ ಶುದ್ಧೀಕರಿಸಬೇಕು. ಇಲ್ಲವಾದರೆ ಎತ್ತಿದಷ್ಟೂ ತುಂಬುತ್ತದೆ. 2019ರಲ್ಲಿ ಮಹಾನಗರ ಪಾಲಿಕೆಯಾದ ಹೊಸೂರಿಗೆ ತನ್ನ ಓಣಿಗಳ ಮಟ್ಟಿಗೆ ಆ ಕಾಯುವಿಕೆ ಬೇಕಿಲ್ಲ. ಗಡಿಯಾರ, ಮೋಟಾರ್‌ಸೈಕಲ್, ಲಾರಿ ತಯಾರಿಸುವ ಊರು ಇದು. ಇಂಥ ಯಂತ್ರ ಕೆಟ್ಟರೆ ರಿಪೇರಿ ಮಾಡಬಲ್ಲ ಕೈಗಳು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಬೇಕಾದಷ್ಟಿವೆ.