ಪಂಚಾಯಿತಿ ಹತ್ತಿರದ ಮಳೆಮಾಪಕ

1864ರಲ್ಲಿ ಕಲ್ಕತ್ತಾಕ್ಕೆ ಚಂಡಮಾರುತ ಬಡಿಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಬ್ರಿಟಿಷ್ ಸರ್ಕಾರ ಹವಾಮಾನ ಇಲಾಖೆ ತೆರೆದದ್ದು ಅದಾದ ಮೇಲೆ, 1875ರಲ್ಲಿ. ಅಷ್ಟು ಜನ ಸತ್ತ ಮೇಲೆ ಅಳತೆಯ ನೆನಪಾಯಿತು ಅನ್ನಿ.

ಮುಂದೆ ಬಹುಕಾಲ ಮಳೆ ಲೆಕ್ಕ ಅಂದರೆ ತಾಲ್ಲೂಕು ಕೇಂದ್ರದ ಲೆಕ್ಕ. ಬೆಳಿಗ್ಗೆ ಎಂಟೂವರೆಗೆ ಸಿಬ್ಬಂದಿ ಮಾಪಕದ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು ಬರೆದುಕೊಳ್ಳುತ್ತಿದ್ದರು. ಅಲ್ಲಿ ಸುರಿದ ಮಳೆ ಹತ್ತು ಮೈಲಿ ಆಚೆಯ ಹೊಲಕ್ಕೆ ಹನಿಯೂ ಬಿದ್ದಿರಲಿಕ್ಕಿಲ್ಲ. ಆದರೂ ಕಾಗದದಲ್ಲಿ ಇಡೀ ತಾಲ್ಲೂಕು ನೆನೆದಂತೆಯೇ.

1988ರಲ್ಲಿ ಕರ್ನಾಟಕ ಬರ ಉಸ್ತುವಾರಿ ಕೋಶ ಆರಂಭಿಸಿತು. ಮಾಪಕಗಳು ಹೋಬಳಿಗೆ, ಆಮೇಲೆ ಗ್ರಾಮ ಪಂಚಾಯಿತಿಗೂ ಬಂದವು. ಈಗಿನ ಯಂತ್ರದೊಳಗೆ ಪುಟ್ಟ ಬಟ್ಟಲಿದೆ. ತುಂಬಿದಾಗೆಲ್ಲ ಮಗುಚುತ್ತದೆ, ಎಷ್ಟು ಸಲ ಮಗುಚಿತು ಎಂಬ ಲೆಕ್ಕ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತದೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು.

ಅಡಿಕೆಯ ಹವಾಮಾನ ಆಧಾರಿತ ವಿಮೆ ನಿಂತಿರುವುದು ಈ ಲೆಕ್ಕದ ಮೇಲೆಯೇ. ತೋಟದಲ್ಲಿ ಕೊಳೆರೋಗ ಬಂದರೂ ಮಾಪಕ ಮಳೆ ತೋರಿಸದಿದ್ದರೆ ಪರಿಹಾರ ಸಿಗುವುದು ಕಷ್ಟ. ಮೇಲೆ ಮರದ ಕೊಂಬೆ ಬಾಗಿದ್ದರೂ ಸಾಕು, ಆಲಿಕೆಯಲ್ಲಿ ಎಲೆ ಕೂತರೂ ಸಾಕು, ಜೋರು ಮಳೆಯ ದಿನವೂ ಅಳತೆ ಕಡಿಮೆಯಾಗುತ್ತದೆ. ಮುಂಗಾರಿಗೆ ಮೊದಲು ಒಮ್ಮೆ ಹೋಗಿ ನೋಡಿ.