ಊರ ಹಬ್ಬ ಭಾನುವಾರಕ್ಕೆ ಬಂದ್ರೆ ಬರಲಿ, ರಾತ್ರಿ ಉಳಿಯೋದು ಮಾತ್ರ ಬಿಡಬ್ಯಾಡಿ

ಯುಗಾದಿ ಹತ್ರ ಬಂತು ಅಂದ್ರೆ ನಮ್ಮ ಕಡೆ ಹೆಣ್ಮಕ್ಕಳ ಫೋನೆಲ್ಲ ಒಂದೇ ಮಾತು ಆಡ್ತವೆ, "ಊರ ಹಬ್ಬ ಯಾವತ್ತಂತೆ?" ಈ ಸಲ ಅದರ ಜೊತೆ ಇನ್ನೊಂದು ಮಾತೂ ಸೇರ್ಕೊಂಡೈತೆ. ಮಂಗಳವಾರ ಮಾಡೋ ಹಬ್ಬನ ಭಾನುವಾರಕ್ಕೆ ತರಬೇಕು, ಮೂರು ದಿನದ್ದು ಒಂದೇ ದಿನಕ್ಕೆ ಮುಗಿಸಬೇಕು ಅಂತ ಬೆಂಗಳೂರಲ್ಲಿ ಕೆಲ್ಸ ಮಾಡೋ ಹುಡುಗ್ರು ಹೇಳ್ತಾವ್ರೆ. ಹಳೇ ಪದ್ಧತಿ ಮುರಿದ್ರೆ ಅಮ್ಮ ಮುನಿಸ್ಕೋತಾಳೆ ಅಂತ ದೊಡ್ಡೋರು ಅಂತಾವ್ರೆ. ಇಬ್ರ ಮಾತ್ನೂ ಕೇಳಿಸ್ಕೊಂಡ್ ಮೇಲೆ ನಂಗನ್ಸಿದ್ದು ಇಷ್ಟು. ಈ ಹಬ್ಬ, ಜಾತ್ರೆಗಳು ಈ ತಿಂಗಳಿಗೇ ಯಾಕೆ ಬಂದ್ವು ಅಂತ ಮೊದಲು ತಿಳ್ಕೊಂಡ್ರೆ, ಏನು ಬದಲಾಯಿಸಬಹುದು, ಏನು ಬಿಡಬಾರದು ಅನ್ನೋದು ತಾನಾಗೇ ಗೊತ್ತಾಯ್ತದೆ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕು ರಾಗಿ ಸೀಮೆ. ರಾಗಿ ಕೊಯ್ಲು ಆಗಿ ಕಣ ಮುಗಿಯೋ ಹೊತ್ತಿಗೆ ಸಂಕ್ರಾಂತಿ. ಆಮೇಲೆ ಅವರೆ, ಹುರುಳಿ. ಶಿವರಾತ್ರಿ ಕಳೆದ ಮೇಲೆ ಹುಣಸೆಹಣ್ಣು ಬಡಿದು, ಬೀಜ ತೆಗೆದು, ಉಪ್ಪು ಹಾಕಿ ಜಾಡಿಗೆ ತುಂಬಿದ್ರೆ ಹೆಂಗಸ್ರ ಕೆಲ್ಸಾನೂ ಒಂದು ಹಂತಕ್ಕೆ ಬಂತು. ಏಪ್ರಿಲ್ 13, 14ಕ್ಕೆ ಅಶ್ವಿನಿ ಮಳೆ ಹುಟ್ತದೆ, 27ರ ಸುಮಾರಿಗೆ ಭರಣಿ. ಆ ಮಳೆ ಬಿದ್ರೆ ಎಳ್ಳು, ಅಲಸಂದೆ ಅಂತ ಮತ್ತೆ ಹೊಲಕ್ಕೆ ಓಡಬೇಕು. ಅಂದ್ರೆ ಮನೇಲಿ ಕಾಳೂ ಇದ್ದು, ಕೈಲಿ ನಾಲ್ಕು ಕಾಸೂ ಇದ್ದು, ಹೊಲದಲ್ಲಿ ಕೆಲಸ ಇಲ್ಲದಿರೋ ಕಾಲ ವರ್ಷದಲ್ಲಿ ಇದೊಂದೇ. ಯುಗಾದಿ ದಿನ ಎತ್ತಿಗೆ ಪೂಜೆ ಮಾಡಿ ಹೊನ್ನಾರು ಕಟ್ಟೋದು, ಮಾರನೇ ದಿನ ಹೊಸತೊಡಕು, ಆಮೇಲೆ ರಾಮನವಮಿ ಪಾನಕ, ಕೋಸಂಬರಿ, ಅದರ ಹಿಂದೇನೆ ತೇರು, ಕೊಂಡ, ಊರ ಹಬ್ಬ. ಎಲ್ಲಾ ಸಾಲಾಗಿ ನಿಂತಿರೋದು ಈ ಬಿಡುವಿನಲ್ಲೇ. ಪಂಚಾಂಗ ತಿಥಿ ಹೇಳ್ತು, ಆದ್ರೆ ಜಾಗ ಮಾಡಿಕೊಟ್ಟಿದ್ದು ರಾಗಿ ಕಣ.

ಇನ್ನೊಂದು ಕಾರಣ ಎತ್ತು. ಮಳೆ ಬಿದ್ದ ಮೇಲೆ ಎತ್ತು ಹುಡುಕಕ್ಕೆ ಆಗಲ್ಲ, ಮುಂಚೇನೆ ಕೊಟ್ಟಿಗೇಲಿ ಇರಬೇಕು. ಅದಕ್ಕೇ ದನಗಳ ಜಾತ್ರೆಗಳು ಒಂದರ ಹಿಂದೆ ಒಂದು ಬರೋದು. ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯ, ಸಂಕ್ರಾಂತಿಗೆ ಚನ್ನಪಟ್ಟಣದ ಹತ್ರ ಕೆಂಗಲ್ ಆಂಜನೇಯ, ಶಿವರಾತ್ರಿಗೆ ತುಮಕೂರಿನ ಸಿದ್ಧಗಂಗೆ, ಕೊನೆಗೆ ಚೈತ್ರದಲ್ಲಿ ಮಾಗಡಿ ತಿರುಮಲೆ ರಂಗನಾಥಸ್ವಾಮಿ ಜಾತ್ರೆ. ಮಾಗಡಿ ರಂಗನಾಥ ಮಲಗಿಲ್ಲ, ನಿಂತವ್ನೆ. ಅವನ ಹಿಂದೆ ಒಂದು ಪುಟ್ಟ ವಿಗ್ರಹ ಐತೆ, ಅದನ್ನ ಬೆಳೆಯೋ ರಂಗ ಅಂತಾರೆ. ಅಲ್ಲಿ ತೇರು ಒಂದು ಕಡೆ, ದನದ ಪರಿಷೆ ಒಂದು ಕಡೆ. ಹಲ್ಲು ನೋಡೋದು, ಸುಳಿ ನೋಡೋದು, ನಡಿಗೆ ನೋಡೋದು, ಆಮೇಲೆ ಟವಲ್ ಒಳಗೆ ಕೈ ಹಿಡಿದು ಬೆರಳಲ್ಲೇ ಬೆಲೆ ಕಟ್ಟೋದು. ಪಕ್ಕದಲ್ಲಿ ನಿಂತೋನಿಗೂ ರೇಟು ಗೊತ್ತಾಗ್ತಿರಲಿಲ್ಲ.

ಈ ಎತ್ತುಗಳು ಸುಮ್ನೆ ಎತ್ತುಗಳಲ್ಲ ಕಣ್ರವ್ವಾ. ನಮ್ಮ ಸೀಮೆ ಹಳ್ಳಿಕಾರ್ ತಳಿ ರಾಜರ ಕಾಲದಿಂದ ಹೆಸರು ಮಾಡಿರೋದು. ಮೈಸೂರಿನ ಚಿಕ್ಕದೇವರಾಜ ಒಡೆಯರು ದನಗಳಿಗೇ ಅಂತ ಬೆಣ್ಣೆ ಚಾವಡಿ ಇಟ್ಟಿದ್ದರು, ಅದನ್ನೇ ಟಿಪ್ಪು ಸುಲ್ತಾನ್ ಅಮೃತ ಮಹಲ್ ಅಂತ ಕರೆದ. ಆಗಿನ ಕಾಲದ ಯುದ್ಧದಲ್ಲಿ ಫಿರಂಗಿ ಎಳೆಯೋದು ಎತ್ತು ತಾನೆ? 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ರದವರೆಗೂ ಬಂದು, ದನಗಳು ಹಸಿವಿಗೆ, ರೋಗಕ್ಕೆ ಸತ್ತು ಹೋಗಿ, ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ವಾಪಸ್ ಹೋಗಬೇಕಾಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನ ಸೈನ್ಯ ಮಾಗಡಿ ಪಕ್ಕದ ಸಾವನದುರ್ಗ ಹಿಡೀತು. ಸಾಮಾನು ಸಾಗಿಸೋ ದಾರಿ ಭದ್ರ ಆಗದೆ ಮುಂದೆ ಹೋಗಕ್ಕಾಗಲ್ಲ ಅಂತ ಅವನಿಗೆ ಗೊತ್ತಾಗಿತ್ತು. ರಾಜ್ಯ ಉಳಿಯೋದೂ ಹೋಗೋದೂ ಎತ್ತಿನ ಹೆಗಲ ಮೇಲೆ ಇದ್ದ ಕಾಲ ಅದು. ಮುಂದೆ 2000ನೇ ಇಸವೀಲಿ ಹಳ್ಳಿಕಾರ್ ಎತ್ತಿನ ಚಿತ್ರ ಅಂಚೆ ಚೀಟಿ ಮೇಲೂ ಬಂತು.

ಮಾಗಡಿ ಅಂದ ಮೇಲೆ ಕೆಂಪೇಗೌಡ್ರ ಮನೆತನ ಬಿಡೋಹಾಗಿಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ತಗೊಂಡಾಗ ಇಮ್ಮಡಿ ಕೆಂಪೇಗೌಡ್ರು ಮಾಗಡಿಗೆ ಬಂದು ನೆಲೆ ನಿಂತ್ರು. 1728ರಲ್ಲಿ ಮೈಸೂರಿನೋರು ಮಾಗಡಿ, ಸಾವನದುರ್ಗ ಎರಡನ್ನೂ ಗೆದ್ರು. ಗೌಡ್ರು ಹೋದ್ರು, ಸುಲ್ತಾನ ಹೋದ, ಬ್ರಿಟಿಷ್ ಸಾಹೇಬ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಅನ್ನಿಸ್ಕೊಂಡ ಊರು ರಾಮನಗರ ಆಯ್ತು. ಆಳೋರು ಯಾರೇ ಆಗಲಿ, ಉಳೋನಿಗೆ ಎತ್ತು ಬೇಕಲ್ಲ, ಅದಕ್ಕೆ ದನದ ವ್ಯಾಪಾರ ನಡೀತಾನೇ ಬಂತು.

ಇದೆಲ್ಲ ಗಂಡಸ್ರ ಲೆಕ್ಕ ಆಯ್ತು. ನಮ್ಮ ಲೆಕ್ಕ ಬೇರೆ. ನಮ್ಮ ಅಜ್ಜಿ ಕಾಲದಲ್ಲಿ ಹೆಂಗಸು ಮನೆ ಬಿಟ್ಟು ಹೊರಗೆ ಹೋಗಕ್ಕೆ ಇದ್ದ ಕಾರಣಗಳನ್ನ ಬೆರಳಲ್ಲಿ ಎಣಿಸಬಹುದಿತ್ತು. ಹೆರಿಗೆ, ಮದುವೆ, ಸಾವು, ಜಾತ್ರೆ. ಇದರಲ್ಲಿ ಅವಳ ಸಂತೋಷಕ್ಕೇ ಅಂತ ಇದ್ದಿದ್ದು ಜಾತ್ರೆ ಒಂದೇ. ದೇವರ ಹೆಸರು ಹೇಳಿದ್ರೆ ಅತ್ತೇನೂ ಬ್ಯಾಡ ಅನ್ನೋಹಾಗಿರಲಿಲ್ಲ. ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನ, ಬುತ್ತಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಬೆಳದಿಂಗಳಲ್ಲಿ ಹೊರಟ್ರೆ ಬೆಳಗ್ಗೆ ಹೊತ್ತಿಗೆ ಜಾತ್ರೆ. ದಾರೀಲಿ ಅರವಟ್ಟಿಗೇಲಿ ನೀರು ಮಜ್ಜಿಗೆ. ಹೊಸದಾಗಿ ಮದುವೆ ಆದೋರು ತೇರಿಗೆ ಹಣ್ಣು ಜವನ ಎಸೀಬೇಕು. ಆ ನೆಪದಲ್ಲಿ ಗಂಡ ಹೆಂಡ್ತಿ ನಾಲ್ಕು ಜನರ ಮುಂದೆ ಒಟ್ಟಿಗೆ ನಿಲ್ಲೋದು ಅದೇ ಮೊದಲ ಸಲ ಇರ್ತಿತ್ತು. ಬಳೆಗಾರ್ರ ಹತ್ರ ಎರಡು ಕೈ ತುಂಬಾ ಹಸಿರು ಗಾಜಿನ ಬಳೆ, ಮಕ್ಕಳಿಗೆ ಕಡ್ಲೆಪುರಿ, ಬತ್ತಾಸು, ಜೊತೆಗೆ ಚನ್ನಪಟ್ಟಣದ ಬುಗುರಿ, ಗಿಲಕಿ, ಪುಟಾಣಿ ಅಡುಗೆ ಸಾಮಾನು. ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕಿದ ಆ ಗೊಂಬೆಗಳಿಗೆ ಈಗ ಜಿ.ಐ. ಗುರುತು ಬಂದು ದೇಶ ವಿದೇಶಕ್ಕೆ ಹೋಗ್ತವೆ. ನಮಗೆ ಮಾತ್ರ ಅದು ಜಾತ್ರೆ ಗೊಂಬೆ.

ದನದ ವ್ಯಾಪಾರ ಕುದುರೋ ತನಕ ಗಂಡಸ್ರು ಪರಿಷೇಲೇ ಇರಬೇಕಲ್ಲ, ಹೆಂಗಸ್ರು ಮರದ ಕೆಳಗೆ ಮೂರು ಕಲ್ಲು ಇಟ್ಟು ಒಲೆ ಹೂಡಿ ರಾತ್ರಿ ಉಳಿಯೋರು. ಯಾರ ಮನೇಲಿ ಹೆಣ್ಣು ದೊಡ್ಡದಾಗೈತೆ, ಯಾವ ಹುಡುಗ ಕುಡೀತಾನೆ, ಯಾರ ಸೊಸೆ ಮೈಮೇಲೆ ಏಟಿನ ಗುರುತು ಐತೆ, ಈ ಸುದ್ದಿಯೆಲ್ಲ ಒಬ್ಬರಿಂದ ಒಬ್ಬರಿಗೆ ಹೋಗ್ತಿದ್ದಿದ್ದು ಆ ರಾತ್ರಿ. ಎಷ್ಟೋ ಸಂಬಂಧ ಕುದುರಿದ್ದೂ ಅಲ್ಲೇ, ಎಷ್ಟೋ ಕೆಟ್ಟ ಸಂಬಂಧ ತಪ್ಪಿದ್ದೂ ಅಲ್ಲೇ.

ಊರ ಹಬ್ಬದಲ್ಲೂ ಹಂಗೇನೆ. ತಮಟೆ ಹೊಡೆದು ಸಾರು ಹಾಕಿದ ಮೇಲೆ ಊರೋರು ಬೇರೆ ಕಡೆ ರಾತ್ರಿ ತಂಗಬಾರದು ಅನ್ನೋದು ಕಟ್ಟು. ಮದುವೆ ಆಗಿ ಹೋದ ಹೆಣ್ಮಕ್ಕಳನ್ನ ಕರ್ಕೊಂಡು ಬರಬೇಕು. ತಂಬಿಟ್ಟಿನ ಆರತಿ ತಲೆ ಮೇಲೆ ಹೊತ್ತು ಸಾಲಾಗಿ ಹೋಗೋದು ಹೆಂಗಸ್ರೇ. ಹೋಗುವಾಗ ಮಡ್ಲಕ್ಕಿ, ಅರಿಶಿನ ಕುಂಕುಮ, ಬಳೆ ದುಡ್ಡು. ತವರಿನ ಬಾಗ್ಲು ನಿಂಗಿನ್ನೂ ತೆಗೆದೇ ಐತೆ ಅಂತ ವರ್ಷಕ್ಕೊಂದು ಸಲ ಬಾಯಿ ಬಿಟ್ಟು ಹೇಳದೇನೆ ಹೇಳೋ ರೀತಿ ಅದು.

ಹಳೇದೆಲ್ಲಾ ಚಿನ್ನ ಅಂತ ನಾನು ಹೇಳಲ್ಲ. ಸಾರು ಹಾಕೋ ತಮಟೆಯೋರೇ ಗುಡಿ ಹೊರಗೆ ದೂರ ನಿಲ್ಲಬೇಕಿತ್ತು. ಹಬ್ಬ ಶುರು ಆಗ್ತಿದ್ದಿದ್ದು ಅವರ ಕೈಯಿಂದ, ಒಳಗೆ ಬರೋಕೆ ಮಾತ್ರ ಅವರಿಗಿಲ್ಲ. ಕಾನೂನು ಬಂದು ಎಷ್ಟು ವರ್ಷ ಆದ್ರೂ ಕೆಲವು ಕಡೆ ಅದು ಪೂರ್ತಿ ಹೋಗಿಲ್ಲ. ಪ್ರಾಣಿಬಲಿ ಬೇಡ ಅಂತ 1959ರಲ್ಲೇ ನಮ್ಮ ರಾಜ್ಯದಲ್ಲಿ ಕಾಯ್ದೆ ಆಯ್ತು. ಕಾಯ್ದೆಗಳಿಂದ ಹಬ್ಬ ಬದಲಾಗಬಹುದು ಅಂದ ಮೇಲೆ, ಬದಲಾಗೋದೇ ತಪ್ಪು ಅನ್ನೋ ಮಾತು ನಿಲ್ಲಲ್ಲ.

ಹಬ್ಬದ ದಿನಕ್ಕೆ ಹೊಂದ್ಕೊಳ್ಳೋದು ನಮ್ಮ ಹೆಂಗಸ್ರಿಗೆ ಹೊಸದೇನಲ್ಲ. ರೇಷ್ಮೆ ಮನೆಯೋರಿಗೆ ಗೊತ್ತು. ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ನಮ್ಮಲ್ಲಿ ಎಷ್ಟು ಬೇರು ಬಿಡ್ತು ಅಂದ್ರೆ ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತಾರೆ. ಚಾಕಿ ಕಟ್ಟಿದ ದಿನದಿಂದ ಹುಳ ಹಣ್ಣಾಗೋ ತನಕ ಒಂದು ತಿಂಗಳು ಹತ್ತಿರ ಹತ್ತಿರ ಮನೆ ಬಿಡೋಹಾಗಿಲ್ಲ. ಹುಳ ನಾಲ್ಕನೇ ಜ್ವರ ಎದ್ದ ಮೇಲಂತೂ ಹಗಲು ರಾತ್ರಿ ಸೊಪ್ಪು. ಹಬ್ಬ ಯಾವತ್ತು ಅಂತ ಕೇಳ್ಕೊಂಡು, ಹಿಂದಕ್ಕೆ ದಿನ ಎಣಿಸಿ, ಗೂಡು ಮಾರಿ ದುಡ್ಡು ಕೈಗೆ ಬರೋ ಹಂಗೆ ಮೊಟ್ಟೆ ತರಿಸೋ ಜಾಣತನ ನಮ್ಮ ಹೆಂಗಸ್ರದ್ದು.

ದಾರಿ ಬದಲಾದಾಗಲೂ ನಾವು ಬದಲಾದ್ವಿ. 1876ರಿಂದ 78ರ ದೊಡ್ಡ ಬರಗಾಲದಲ್ಲಿ ಜನಕ್ಕೆ ಕೂಲಿ ಕೊಡಬೇಕು ಅಂತ ಬೆಂಗಳೂರು ಮೈಸೂರು ರೈಲಿನ ಕೆಲಸ ಶುರು ಮಾಡಿದ್ರು, 1882ಕ್ಕೆ ರೈಲು ಮೈಸೂರು ಮುಟ್ಟಿತು. ಹಸಿದೋರು ಹೊತ್ತ ಮಣ್ಣಿನ ಮೇಲೆ ಹಾಕಿದ ಕಂಬಿ ಅದು. ಚನ್ನಪಟ್ಟಣದ ಪಕ್ಕ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡೀಲಿರೋ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತ ಹೆಂಗಸ್ರಿಗೆ ದೂರದ ಊರು ಹತ್ರ ಆಯ್ತು. ಕನಕಪುರ, ಮಾಗಡಿಗೆ ಇವತ್ತಿಗೂ ರೈಲಿಲ್ಲ, ಅಲ್ಲಿಯೋರಿಗೆ ಬಸ್ಸೇ ಗತಿ. ಕಬ್ಬಾಳಮ್ಮನಿಗೆ ಹೋಗೋ ಬಸ್ಸಲ್ಲಿ ಮಂಗಳವಾರ, ಶುಕ್ರವಾರ ಕಾಲಿಡಕ್ಕೆ ಜಾಗ ಇರಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಅಂತ ಯಾರ ಮುಂದೇನೂ ಕೈ ಒಡ್ಡೋಹಾಗಿಲ್ಲ. ಅಜ್ಜಿಗೆ ದೇವರ ನೆಪ ಬೇಕಿತ್ತು, ನಮಗೆ ಆಧಾರ್ ಕಾರ್ಡ್ ಸಾಕು. ಇದು ಸಣ್ಣ ವಿಷಯ ಅಲ್ಲ.

ಈಗ ಕೊಟ್ಟಿಗೇಲಿ ಎತ್ತಿಲ್ಲ, ಟ್ರ್ಯಾಕ್ಟರ್ ಐತೆ. ಮಾಗಡಿ ಜಾತ್ರೆಗೆ ಎತ್ತು ಕಟ್ಟೋರು ಇನ್ನೂ ಅವ್ರೆ, ಆದ್ರೆ ಉಳೋದಕ್ಕಿಂತ ಮೆರವಣಿಗೆಗೆ, ಓಟಕ್ಕೆ, ಪ್ರೀತಿಗೆ ಸಾಕೋರೇ ಜಾಸ್ತಿ. ನಡುವೆ ಏಟು ಮೇಲೆ ಏಟು ಬೇರೆ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ಅವತ್ತೇ ದೇಶಕ್ಕೆಲ್ಲ ಲಾಕ್‌ಡೌನ್ ಮೊದಲ ದಿನ. ಹೋಳಿಗೆ ಮಾಡಿ ಪಕ್ಕದ ಮನೆಗೂ ಕೊಡದೇ ಇದ್ದ ಯುಗಾದಿ ಅದೊಂದೇ. 2022ರಲ್ಲಿ ದನಗಳಿಗೆ ಗಂಟು ರೋಗ ಬಂದು ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯ್ತು. ಒಂದೆರಡು ವರ್ಷ ನಿಂತ ಅಭ್ಯಾಸ ಮತ್ತೆ ಹಿಡಿಯೋದು ಕಷ್ಟ. ಕಾರಲ್ಲಿ ಬಂದು, ಮಂಗಳಾರತಿ ತಗೊಂಡು, ಊಟ ಮಾಡಿ, ಟ್ರಾಫಿಕ್ ಆಯ್ತದೆ ಅಂತ ನಾಲ್ಕು ಗಂಟೆಗೆ ಹೊರಡೋದು ಆಮೇಲೇ ಜಾಸ್ತಿ ಆಗಿದ್ದು.

ಅದಕ್ಕೇ ನಾನು ಹೇಳೋದು ಇಷ್ಟು. ಹಬ್ಬ ಮಾಡೋ ಕಾಲ ಆಗ ಬಂದಿದ್ದು ರಾಗಿ, ಮಳೆ, ಎತ್ತು ಇವುಗಳ ಬಿಡುವು ನೋಡ್ಕೊಂಡು. ಈಗ ನಮ್ಮ ಮಕ್ಕಳ ಬಿಡುವು ಇರೋದು ಶನಿವಾರ, ಭಾನುವಾರ. ದಿನ ಆಚೆ ಈಚೆ ಆದ್ರೆ ಅಮ್ಮ ಮುನಿಸ್ಕೊಳ್ಳೋಳಲ್ಲ ಅಂತ ನನ್ನ ನಂಬಿಕೆ. ಆದ್ರೆ ಮೂರು ದಿನನ ಒಂದು ದಿನ ಮಾಡೋದು ಬೇರೆ ಮಾತು. ಹಂಗೆ ಮಾಡಿದ್ರೆ ಹೋಗೋದು ರಾತ್ರಿ. ಪೂಜೆ, ಊಟ ಹಗಲೇ ಮುಗೀತವೆ. ಅಕ್ಕ ತಂಗೀರು ಜಗಲಿ ಮೇಲೆ ಚಾಪೆ ಹಾಕ್ಕೊಂಡು, ಗಂಡಸ್ರೆಲ್ಲ ಮಲಗಿದ ಮೇಲೆ, "ನಿಜ ಹೇಳು, ಚೆನ್ನಾಗಿದ್ದೀಯಾ?" ಅಂತ ಕೇಳೋದು ರಾತ್ರೀನೇ. ಆ ಪ್ರಶ್ನೆ ಫೋನಲ್ಲಿ ಕೇಳಿದ್ರೆ ಎಲ್ರೂ "ಹ್ಞೂ, ಚೆನ್ನಾಗಿವ್ನಿ" ಅಂತಾರೆ. ಯಾಕಂದ್ರೆ ಪಕ್ಕದಲ್ಲಿ ಯಾರೋ ಇರ್ತಾರೆ.

ಊರ ಸಭೇಲಿ ಮಾತಾಡೋರು ಗಂಡಸ್ರು, ಆದ್ರೆ ಅವರಿಗೆ ರಾತ್ರಿ ಹಿಟ್ಟಿಗಿಡೋರು ನಾವು ತಾನೆ? ಮನೇಲೇ ಹೇಳಿ. ಶುಕ್ರವಾರ ಸಾರು ಹಾಕಲಿ, ಶನಿವಾರ ಸಂಜೆ ತಂಬಿಟ್ಟಿನ ಆರತಿ ಆಗಲಿ, ಭಾನುವಾರ ಬೆಳಗ್ಗೆ ಕೊಂಡ ಆಗಿ ಮಧ್ಯಾಹ್ನ ಊಟ ಆಗಲಿ. ಕೆಲಸಕ್ಕೆ ಹೋಗೋ ಮಕ್ಕಳಿಗೂ ರಜಾ ಕೇಳೋ ಕಷ್ಟ ಇಲ್ಲ, ಹೆಣ್ಮಕ್ಕಳಿಗೆ ತವರಲ್ಲಿ ಒಂದು ರಾತ್ರಿ ಗ್ಯಾರಂಟಿ. ತಮಟೆ ಬಡಿಯೋರ ಮನೆ ಹೆಂಗಸ್ರ ಆರತೀನೂ ಅದೇ ಸಾಲಲ್ಲಿ ಬರಲಿ. ಬದಲಾಯಿಸೋದಾದ್ರೆ ಅದನ್ನೂ ಬದಲಾಯಿಸೋಣ.

ಮಾವಿನಕಾಯಿ ಹೆಂಗೂ ಬಂದೈತೆ, ನಮ್ಮ ಸೀಮೆ ಮಾವು ರಾಜ್ಯದಲ್ಲೇ ಮೊದಲು ಬರೋದು. ಚಿತ್ರಾನ್ನಕ್ಕೆ ಚಿಂತೆ ಇಲ್ಲ. ತಂಬಿಟ್ಟಿಗೆ ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡ್ಕೊಳ್ಳಿ. ಎರಡು ಲೋಟ ಹಿಟ್ಟಿಗೆ ಒಂದು ಲೋಟ ಪುಡಿಬೆಲ್ಲ, ಹುರಿಗಡಲೆ, ಕೊಬ್ಬರಿ, ಏಲಕ್ಕಿ, ಒಂದು ಬಾಳೆಹಣ್ಣು ಕಿವುಚಿ ಹಾಕಿದ್ರೆ ಉಂಡೆ ನಿಲ್ತದೆ. ಬರುವಾಗ ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಕೊಂಡು ಬನ್ನಿ. ವಾಪಸ್ ಯಾವಾಗ ಅಂತ ಯಾರಾದ್ರೂ ಕೇಳಿದ್ರೆ ನಾಳೆ ಅನ್ನಿ.