ಕಿಂಡಿ ಮುಚ್ಚುವ ದಿನವೇ ಗೋಡೆ ಕಟ್ಟಬೇಕೆ?

ಫ್ರಾನ್ಸಿನ ರುವಾನ್ ನಗರದ ದ್ರಾಕ್ಷಾರಸದ ವ್ಯಾಪಾರಿಯೊಬ್ಬನಿಗೆ 1776ರಲ್ಲಿ ಮಲ ಕಟ್ಟಿ ಹೊಟ್ಟೆ ನಗಾರಿಯಂತೆ ಉಬ್ಬಿತು. ಗುದನಾಳದಲ್ಲಿ ಬೆಳೆದ ಗೆಡ್ಡೆ ದಾರಿಯನ್ನೇ ಮುಚ್ಚಿತ್ತು. ಭೇದಿಯ ಔಷಧಿಯಿಂದ ಫಲ ಸಿಗಲಿಲ್ಲ. ಭಾರಕ್ಕಾದರೂ ದಾರಿ ಬಿಟ್ಟೀತೆಂದು ಸುಮಾರು ಒಂದು ಕಿಲೋ ಪಾದರಸವನ್ನೇ ಕುಡಿಸಿದರು. ಅದೂ ಒಳಗೇ ಉಳಿಯಿತು. ಕೊನೆಗೆ ಪಿಲೋರ್ ಎಂಬ ಶಸ್ತ್ರವೈದ್ಯ ಹೊಟ್ಟೆಯ ಬಲಭಾಗವನ್ನು ಕೊಯ್ದು, ದೊಡ್ಡ ಕರುಳಿನ ಮೊದಲ ಭಾಗವನ್ನು ಹೊರಗೆಳೆದು, ಅದಕ್ಕೊಂದು ಕಿಂಡಿ ಮಾಡಿ ಅಂಚನ್ನು ಚರ್ಮಕ್ಕೆ ಹೊಲಿದ. ಹೊಟ್ಟೆ ಇಳಿಯಿತು. ಆದರೆ 28 ದಿನಗಳ ನಂತರ ರೋಗಿ ತೀರಿಕೊಂಡ. ಶವವನ್ನು ಪರೀಕ್ಷಿಸಿದಾಗ ಪಾದರಸದ ಭಾರಕ್ಕೆ ಸಣ್ಣ ಕರುಳು ಕೊಳೆತಿದ್ದುದು ಕಂಡಿತು. ಪಿಲೋರ್ ಮಾಡಿದ ಕಿಂಡಿ ಮಾತ್ರ ಸರಿಯಾಗಿಯೇ ಇತ್ತು. ಶಸ್ತ್ರಕ್ಕಿಂತ ಮೊದಲಿನ ಉಪಚಾರವೇ ಆತನನ್ನು ಕೊಂದಿತೆನ್ನಬೇಕು.

ಈ ಕಲ್ಪನೆ ಪಿಲೋರ್‌ನದಲ್ಲ. 1710ರಲ್ಲಿ ಪ್ಯಾರಿಸ್ಸಿನ ಅಲೆಕ್ಸಿ ಲಿತ್ರೆ ಎಂಬಾತ, ಗುದದ್ವಾರವಿಲ್ಲದೆ ಹುಟ್ಟಿ ಆರು ದಿನಕ್ಕೆ ಸತ್ತ ಕೂಸಿನ ದೇಹವನ್ನು ಪರೀಕ್ಷಿಸಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲ್ಭಾಗಕ್ಕೆ ತಂದಿದ್ದರೆ ಕೂಸು ಉಳಿಯುತ್ತಿತ್ತೇನೋ ಎಂದು ಸೂಚಿಸಿದ್ದ. 1793ರಲ್ಲಿ ಬ್ರೆಸ್ಟ್ ಬಂದರಿನ ದ್ಯುರೆ ಅಂಥದೇ ಶಿಶುವೊಂದಕ್ಕೆ ಎಡಭಾಗದಲ್ಲಿ ಕಿಂಡಿ ಮಾಡಿದ. ಆ ಶಿಶು ಬೆಳೆದು 45 ವರ್ಷ ಬದುಕಿತು. ಅರಿವಳಿಕೆ ಇರಲಿಲ್ಲ, ರೋಗಾಣುವೆಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಅಂಥ ಕಾಲದ ಮಾತಿದು.

ಇಂದು ‘ಕೊಲಾಸ್ಟಮಿ’ ಎಂದು ಕರೆಯುವುದು ಇದನ್ನೇ. ಮಲ ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಬೀಳುತ್ತದೆ. ಹಲವರಿಗೆ ಇದು ತಾತ್ಕಾಲಿಕ ವ್ಯವಸ್ಥೆ. ಒಳಗಿನ ಗಾಯ ಮಾಗಿದ ಮೇಲೆ ಕರುಳಿನ ಎರಡು ತುದಿಗಳನ್ನು ಮತ್ತೆ ಜೋಡಿಸಿ ಕಿಂಡಿ ಮುಚ್ಚುತ್ತಾರೆ. ಚೀಲ ಹೊತ್ತವರು ಆ ದಿನಕ್ಕಾಗಿ ದಿನ ಎಣಿಸುತ್ತಾರೆ. ತೊಡಕು ಬರುವುದೂ ಅಲ್ಲೇ. ಹೊಟ್ಟೆಯ ಗೋಡೆ ಬರೀ ಚರ್ಮವಲ್ಲ. ಮಾಂಸಖಂಡಗಳ ಪದರಗಳು, ಅವನ್ನು ಬಿಗಿದಿಟ್ಟಿರುವ ಗಟ್ಟಿ ಪೊರೆ, ಎಲ್ಲ ಸೇರಿ ಒಳಗಿನ ಒತ್ತಡವನ್ನು ತಡೆಯುತ್ತವೆ. ಕೆಮ್ಮಿದರೆ, ಕೊಡ ಎತ್ತಿದರೆ ಆ ಒತ್ತಡ ಏರುತ್ತದೆ. ಗೋಡೆಯಲ್ಲಿ ತೂತು ಕೊರೆದು ಕರುಳನ್ನು ಹೊರತಂದರೆ ಪಕ್ಕದ ಸಂದಿನಲ್ಲಿ ಇನ್ನಷ್ಟು ಕರುಳು ನುಗ್ಗಿ ಚರ್ಮದಡಿ ಉಬ್ಬುತ್ತದೆ. ಇದೇ ಹರ್ನಿಯಾ. ಮೊದಲ ಶಸ್ತ್ರಚಿಕಿತ್ಸೆಗೆ ಹೊಟ್ಟೆಯ ನಡುವೆ ಹಾಕಿದ ಉದ್ದನೆಯ ಕೊಯ್ತದಲ್ಲೂ ಇದು ಕಾಣಿಸಿಕೊಳ್ಳಬಹುದು. ಶಾಶ್ವತ ಕೊಲಾಸ್ಟಮಿ ಉಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವರ್ಷಗಳು ಕಳೆದಂತೆ ಕಿಂಡಿಯ ಬಳಿ ಇಂಥ ಉಬ್ಬು ಬರುತ್ತದೆಂಬುದು ವೈದ್ಯರ ಅನುಭವ.

ಹಾಗಾದರೆ ಕಿಂಡಿ ಮುಚ್ಚುವ ದಿನವೇ ಗೋಡೆಯನ್ನೂ ಸರಿಪಡಿಸಬೇಕೆ, ಅಥವಾ ಅದಕ್ಕೆ ಇನ್ನೊಂದು ದಿನ ಕಾಯಬೇಕೆ? ಈ ಪ್ರಶ್ನೆ ಬಹುಕಾಲ ಏಳಲೇ ಇಲ್ಲ, ಏಕೆಂದರೆ ಕಿಂಡಿ ಮುಚ್ಚುವವರೇ ಅಪರೂಪವಾಗಿದ್ದರು. ಫ್ರಾನ್ಸಿನ ಆನ್ರಿ ಹಾರ್ಟ್‌ಮನ್ 1921ರಲ್ಲಿ ತನ್ನ ಹೆಸರಿನಿಂದ ಪ್ರಸಿದ್ಧವಾದ ವಿಧಾನವನ್ನು ವಿವರಿಸಿದ. ರೋಗವಿರುವ ಕರುಳನ್ನು ತೆಗೆದು, ಕೆಳತುದಿಯನ್ನು ಹೊಲಿದು ಒಳಗೇ ಬಿಟ್ಟು, ಮೇಲ್ತುದಿಯನ್ನು ಹೊರತರುವ ವಿಧಾನವದು. ಕ್ಯಾನ್ಸರ್ ರೋಗಿಯನ್ನು ಬದುಕಿಸುವುದಷ್ಟೇ ಆತನ ಗುರಿಯಾಗಿತ್ತು. ಎರಡನೆಯ ಮಹಾಯುದ್ಧ ಲೆಕ್ಕಾಚಾರವನ್ನು ಬದಲಿಸಿತು. ದೊಡ್ಡ ಕರುಳಿಗೆ ಗುಂಡು ತಗುಲಿದ ಸೈನಿಕರ ಗಾಯವನ್ನು ಹೊಲಿದು ಒಳಗೆ ಬಿಡದೆ ಕರುಳನ್ನು ಹೊರತರಬೇಕೆಂದು 1943ರಲ್ಲಿ ಅಮೆರಿಕದ ಸೇನೆ ಆದೇಶ ಹೊರಡಿಸಿತು. ಇಪ್ಪತ್ತರ ಹರೆಯದ ಹುಡುಗರನ್ನು ಜನ್ಮವಿಡೀ ಚೀಲ ಹೊತ್ತುಕೊಂಡಿರೆಂದು ಮನೆಗೆ ಕಳಿಸಲಾದೀತೆ? ಕಿಂಡಿ ಮುಚ್ಚುವುದು ದಿನನಿತ್ಯದ ಕೆಲಸವಾಯಿತು.

ಗೋಡೆ ಕಟ್ಟುವ ವಿದ್ಯೆ ಬೆಳೆದದ್ದು ಬೇರೆ ದಾರಿಯಲ್ಲಿ. ಆ ಕಥೆಯ ನಾಯಕ ಇಟಲಿಯ ಎಡೊಆರ್ಡೊ ಬಸ್ಸೀನಿ. 1867ರಲ್ಲಿ, ರೋಮ್ ನಗರವನ್ನು ಇಟಲಿಗೆ ಸೇರಿಸುವ ಹೋರಾಟದಲ್ಲಿ, ಈ ತರುಣ ವೈದ್ಯ ವಿಲ್ಲಾ ಗ್ಲೋರಿ ಎಂಬಲ್ಲಿ ಬಲ ತೊಡೆಸಂದಿಗೆ ಬಂದೂಕಿನ ತುದಿಯ ಕತ್ತಿಯಿಂದ ಇರಿತಕ್ಕೊಳಗಾಗಿ ಸೆರೆಸಿಕ್ಕ. ಕರುಳು ಹರಿದು, ಗಾಯದಿಂದ ಮಲ ಹರಿಯತೊಡಗಿತು. ಹಲವು ತಿಂಗಳು ನರಳಿದ ಮೇಲೆ ಅದು ವಾಸಿಯಾಯಿತು. ಅದೇ ಬಸ್ಸೀನಿ 1880ರ ದಶಕದಲ್ಲಿ ತೊಡೆಸಂದಿನ ಹರ್ನಿಯಾವನ್ನು ಪದರ ಪದರವಾಗಿ ಹೊಲಿಯುವ ಕ್ರಮವನ್ನು ರೂಪಿಸಿ ಜಗತ್ತಿಗೆ ಕಲಿಸಿದ. ಆದರೆ ದೊಡ್ಡ ಬಿರುಕುಗಳಿಗೆ ಬರಿಯ ಹೊಲಿಗೆ ಸಾಲುತ್ತಿರಲಿಲ್ಲ. ಹರಿದ ಬಟ್ಟೆಯ ಅಂಚುಗಳನ್ನು ಎಳೆದು ಹೊಲಿದರೆ ಪಕ್ಕದಲ್ಲಿ ಹರಿಯುವಂತೆ ಅಲ್ಲೂ ಆಗುತ್ತಿತ್ತು. ತೇಪೆ ಬೇಕಿತ್ತು. ಅದನ್ನು ಒದಗಿಸಿದವನು ಹ್ಯೂಸ್ಟನ್ ನಗರದ ಫ್ರಾನ್ಸಿಸ್ ಅಶರ್. 1958ರಲ್ಲಿ ಆತ ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ ಜಾಲರಿಯ ಬಳಕೆಯನ್ನು ಪ್ರಕಟಿಸಿದ. ಮುಂದೆ ಪಾಲಿಪ್ರೊಪಿಲೀನ್ ಜಾಲರಿಯೇ ಎಲ್ಲೆಡೆ ರೂಢಿಯಾಯಿತು.

ಜಾಲರಿ ಬಂದದ್ದರಿಂದಲೇ ಕಾಲದ ಪ್ರಶ್ನೆ ಕಠಿಣವಾಯಿತು. ಕರುಳನ್ನು ತೆರೆದ ಜಾಗದಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅವು ಪ್ಲಾಸ್ಟಿಕ್ಕಿನ ಎಳೆಗಳಿಗೆ ಅಂಟಿ ಕೂತರೆ ಔಷಧಿಗೆ ಜಗ್ಗುವುದಿಲ್ಲ. ಕೀವು ಸೋರುತ್ತದೆ, ಕೊನೆಗೆ ಜಾಲರಿಯನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಹೊಸದಾಗಿ ಜೋಡಿಸಿದ ಕರುಳು ಸೋರಿದರಂತೂ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೊದಲು ಕರುಳು, ಆರು ತಿಂಗಳೋ ವರ್ಷವೋ ಕಳೆದ ಮೇಲೆ ಗೋಡೆ ಎಂಬ ನಿಯಮ ಹುಟ್ಟಿತು. ನಿಯಮ ಸುರಕ್ಷಿತ, ಆದರೆ ಅಗ್ಗವಲ್ಲ. ಎರಡನೆಯ ಬಾರಿ ಅರಿವಳಿಕೆ, ಅಂಟಿಕೊಂಡ ಕರುಳುಗಳನ್ನು ಮತ್ತೆ ಬಿಡಿಸುವ ಅಪಾಯ, ಮತ್ತೆ ಎರಡು ಮೂರು ತಿಂಗಳು ಭಾರ ಎತ್ತದ ಬದುಕು. ಕೂಲಿಯನ್ನು ನಂಬಿದವನಿಗೆ ಈ ಕೊನೆಯದೇ ದೊಡ್ಡದು.

ನಡುದಾರಿಯಾಗಿ ಬಂದದ್ದು ಜೈವಿಕ ಜಾಲರಿ. ಹಂದಿಯ ಚರ್ಮದಂಥ ಅಂಗಾಂಶದಿಂದ ಜೀವಕೋಶಗಳನ್ನು ತೊಳೆದು ತೆಗೆದ ತೇಪೆ ಇದು. ದೇಹ ಇದನ್ನು ತನ್ನದಾಗಿಸಿಕೊಳ್ಳುತ್ತದೆ, ಸೋಂಕಿಗೆ ಹೆದರಬೇಕಿಲ್ಲ ಎಂಬ ನಂಬಿಕೆಯಿಂದ ಅಮೆರಿಕದಲ್ಲಿ ಇದರ ಬಳಕೆ ಭರದಿಂದ ಹಬ್ಬಿತು. ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಪೂರ್ತಿ ಶುದ್ಧವಲ್ಲದ ಹೊಟ್ಟೆಯಲ್ಲಿ ಒಂದೇ ಹಂತದ ಹರ್ನಿಯಾ ಚಿಕಿತ್ಸೆಗೆ ಒಳಗಾದ 253 ರೋಗಿಗಳಲ್ಲಿ ಕೆಲವರಿಗೆ ಜೈವಿಕ ಜಾಲರಿ, ಉಳಿದವರಿಗೆ ಸಾಮಾನ್ಯ ಪಾಲಿಪ್ರೊಪಿಲೀನ್ ಜಾಲರಿಯನ್ನು, ಮಾಂಸಖಂಡದ ಹಿಂಬದಿಯಲ್ಲಿ ಹಾಕಲಾಗಿತ್ತು. ಎರಡು ವರ್ಷಗಳಲ್ಲಿ ಜೈವಿಕ ಜಾಲರಿಯವರಲ್ಲಿ ಶೇ 20.5ರಷ್ಟು, ಪ್ಲಾಸ್ಟಿಕ್ಕಿನವರಲ್ಲಿ ಶೇ 5.6ರಷ್ಟು ಮಂದಿಗೆ ಹರ್ನಿಯಾ ಮರುಕಳಿಸಿತು. ಗಾಯದ ತೊಂದರೆಗಳಲ್ಲಿ ಹೆಚ್ಚು ಅಂತರವಿರಲಿಲ್ಲ. ಬೆಲೆಯ ಅಂತರ ನೋಡಿ: ಒಂದಕ್ಕೆ ಸುಮಾರು 105 ಡಾಲರ್, ಇನ್ನೊಂದಕ್ಕೆ 21 ಸಾವಿರ ಡಾಲರಿಗೂ ಮಿಗಿಲು.

ಜೈವಿಕ ತೇಪೆಯೇ ಬೇಡವೆಂದು ಇದರ ಅರ್ಥವಲ್ಲ. ಕಿಂಡಿ ಮುಚ್ಚುವಾಗಲೇ ಅದನ್ನು ಹಾಕಿದರೆ ಮುಂದೆ ಹರ್ನಿಯಾ ಬಾರದಂತೆ ತಡೆಯಬಹುದೇ ಎಂದು ಯೂರೋಪಿನಲ್ಲಿ 790 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ತೇಪೆ ಇದ್ದವರಲ್ಲಿ ಶೇ 12, ಬರಿಯ ಹೊಲಿಗೆಯವರಲ್ಲಿ ಶೇ 20 ಮಂದಿಗೆ ಹರ್ನಿಯಾ ಕಂಡುಬಂತು. ಅಂದರೆ ಬರಿಯ ಹೊಲಿಗೆ ಹಾಕಿಸಿಕೊಂಡ ಐವರಲ್ಲಿ ನಾಲ್ವರಿಗೆ ಆ ಹೊತ್ತಿಗೆ ತೇಪೆಯ ಅಗತ್ಯವೇ ಬಿದ್ದಿರಲಿಲ್ಲ.

ಈ ಅಂಕಿಗಳಿಂದ ಹಳೆಯ ನಿಯಮ ಸಡಿಲಗೊಂಡಿದೆ, ಬಿದ್ದುಹೋಗಿಲ್ಲ. ಉಬ್ಬು ಚಿಕ್ಕದಿದ್ದರೆ ಕಿಂಡಿ ಮುಚ್ಚುವಾಗಲೇ ಹೊಲಿದುಬಿಡುವುದುಂಟು. ಉಬ್ಬು ದೊಡ್ಡದು, ರೋಗಿ ಗಟ್ಟಿಮುಟ್ಟು, ಕರುಳಿನ ಜೋಡಣೆ ಸಲೀಸಾಗಿ ಮುಗಿಯಿತೆಂದಾದರೆ ಅನುಭವಿ ಶಸ್ತ್ರವೈದ್ಯರು ಜಾಲರಿಯನ್ನೂ ಅಂದೇ ಹಾಕುತ್ತಾರೆ. ಬೊಜ್ಜಿನವರು, ಬೀಡಿ ಸಿಗರೇಟು ಬಿಡದವರು, ಸಕ್ಕರೆ ಹತೋಟಿಯಲ್ಲಿಲ್ಲದವರು, ಒಳಗೆ ಇನ್ನೂ ಕೀವು ಇರುವವರು, ಇವರಿಗೆ ಎರಡು ಹಂತವೇ ಲೇಸು. ಹೇಗೂ ಮೊದಲ ಶಸ್ತ್ರಚಿಕಿತ್ಸೆಯಾಗಿ ಮೂರರಿಂದ ಆರು ತಿಂಗಳು ಕಾಯುವುದು ವಾಡಿಕೆ. ಆ ಬಿಡುವಿನಲ್ಲಿ ತೂಕ ಇಳಿಸಿ, ಹೊಗೆ ಬಿಟ್ಟು, ಸಕ್ಕರೆ ಹತೋಟಿಗೆ ತಂದವರು ಒಂದೇ ಹಂತದ ಸಾಲಿಗೆ ಬಂದು ನಿಲ್ಲುವುದೂ ಇದೆ. ಇನ್ನು ಕೆಲವರು ಎರಡನೆಯ ಹಂತಕ್ಕೆ ಬರುವುದೇ ಇಲ್ಲ. ಚೀಲ ಹೋಯಿತಲ್ಲ, ಉಬ್ಬು ಇದ್ದರೆ ಇರಲಿ ಎಂದು ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಾರೆ.